ಪವರ್‌ಪಾಯಿಂಟ್‌ನಲ್ಲಿ ಕೋಡಿ ಬಿದ್ದ ಕೆರೆ

ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ನಲ್ಲಿಗಳಲ್ಲಿ ಗಾಳಿ ಬರುತ್ತದೆ. ಟ್ಯಾಂಕರ್‌ನವನು ಫೋನ್ ಎತ್ತುವುದಿಲ್ಲ. ದೊಡ್ಡ ಹೋಟೆಲುಗಳ ಸಭಾಂಗಣಗಳು ಮಾತ್ರ ತುಂಬಿ ತುಳುಕುತ್ತವೆ. 22ನೇ ತಾರೀಕು ವಿಶ್ವ ಜಲ ದಿನ ಅಲ್ವಾ, ಅದರ ಆಸುಪಾಸಿನಲ್ಲಿ ಅಂತಾರಾಷ್ಟ್ರೀಯ ವಿಚಾರ ಸಂಕಿರಣಗಳ ಸುಗ್ಗಿ. ದೂರದ ದೇಶದ್ದೊಂದು ವಿಶ್ವವಿದ್ಯಾಲಯ, ನಮ್ಮದೊಂದು ವಿಶ್ವವಿದ್ಯಾಲಯ, ನಡುವೆ ಒಂದು ಸರ್ಕಾರಿ ಇಲಾಖೆ. ಮೂರೂ ಸೇರಿ ಒಡಂಬಡಿಕೆಗೆ ಸಹಿ ಹಾಕುತ್ತವೆ. ವಿಷಯ: ಹಸಿರು ಮೂಲಸೌಕರ್ಯದಿಂದ, ಅಂದರೆ ಗಿಡ, ಮಣ್ಣು, ತಗ್ಗು ಪಾರ್ಕುಗಳಂಥವುಗಳಿಂದ, ನಗರದ ಮಳೆನೀರಿನ ನಿರ್ವಹಣೆ.

ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಹೇಳಿ ಉಪಯೋಗವೂ ಇಲ್ಲ. ಇಂಥ ಯಾವ ಸಭೆಗೆ ಹೋದರೂ ಅದೇ ಸಭೆ.

ಮೊದಲು ನಾಡಗೀತೆ. ಆಮೇಲೆ ಉದ್ಘಾಟನೆ. ಪರಿಸರದ ಕಾರ್ಯಕ್ರಮವಾದ್ದರಿಂದ ದೀಪ ಹಚ್ಚುವುದಿಲ್ಲ, ಕುಂಡದ ಗಿಡಕ್ಕೆ ನೀರೆರೆಯುತ್ತಾರೆ. ವೇದಿಕೆಯ ಮೇಲೆ ಗಣ್ಯರು ಹನ್ನೊಂದು ಜನ, ಗಿಡ ಒಂದೇ. ಹನ್ನೊಂದು ಚೊಂಬು ನೀರು ಕುಡಿದ ಕುಂಡ ಸ್ವಲ್ಪ ಹೊತ್ತಿಗೆ ತಳದಿಂದ ಒಸರಲು ಶುರು ಮಾಡುತ್ತದೆ. ಕಾರ್ಪೆಟ್ ಒದ್ದೆಯಾಗುತ್ತದೆ, ಮೈಕಿನ ವೈರಿನ ಹತ್ತಿರಕ್ಕೆ ನೀರು ಬರುತ್ತದೆ. ಹೋಟೆಲಿನ ಹುಡುಗನೊಬ್ಬ ಬಗ್ಗಿಕೊಂಡು ಬಂದು ಬಟ್ಟೆಯಿಂದ ಒರೆಸಿ ಹೋಗುತ್ತಾನೆ. ಅವತ್ತಿನ ದಿನ ಆ ಸಭಾಂಗಣದಲ್ಲಿ ನೀರಿನ ನಿರ್ವಹಣೆ ಅಂತ ನಡೆಯುವುದು ಅದೊಂದೇ.

ಆಮೇಲೆ ಸನ್ಮಾನ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ವಿದೇಶದ ಪ್ರೊಫೆಸರಿಗೆ ಪೇಟ ಸ್ವಲ್ಪ ದೊಡ್ಡದಾಗಿ ಕನ್ನಡಕದ ಮೇಲೆ ಕೂರುತ್ತದೆ. ತೆಗೆಯಬಹುದೋ ಇಲ್ಲವೋ ಗೊತ್ತಾಗದೆ ಅವರು ಅರ್ಧ ಗಂಟೆ ಹಾಗೇ ಕೂತಿರುತ್ತಾರೆ. ಎಲ್ಲರ ಮುಂದೆ ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ. ಒಂದು ಗುಟುಕು ಕುಡಿದು ಬಿಟ್ಟದ್ದು.

ಪ್ರೊಫೆಸರ್ ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನ ಬೇಡ. ತನಗೆ ಗೊತ್ತಿರುವುದನ್ನು ಪ್ರೀತಿಯಿಂದ ಹೇಳುತ್ತಾರೆ. ಕೋಪನ್‌ಹೇಗನ್ ತೋರಿಸುತ್ತಾರೆ. 2011ರ ಜುಲೈ 2ರಂದು ಅಲ್ಲಿ ಎರಡು ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿಯಿತು. ಊರು ಮುಳುಗಿತು. ಮರುವರ್ಷ, 2012ರಲ್ಲೇ, ನಗರಪಾಲಿಕೆ ಯೋಜನೆ ಸಿದ್ಧ ಮಾಡಿತು. ಸುಮಾರು 300 ಕಾಮಗಾರಿ, 20 ವರ್ಷದ ಲೆಕ್ಕ. ಪಾರ್ಕುಗಳನ್ನು ತಗ್ಗು ಮಾಡಿ ಮಳೆಗಾಲದಲ್ಲಿ ನೀರು ನಿಲ್ಲಿಸುವುದು, ಕೆಲವು ರಸ್ತೆಗಳನ್ನೇ ನೀರು ಹರಿಯುವ ಹಾಗೆ ಇಳಿಜಾರು ಮಾಡುವುದು, ಇತ್ಯಾದಿ.

ಹಿಂದಿನ ಸಾಲಿನಲ್ಲಿ ಕೂತ ಎಂಜಿನಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ: "ಒಂದೇ ಒಂದು ಮಳೆಗೆ ಇಷ್ಟೊಂದು ಗಾಬರಿ ಬಿದ್ರಾ ಇವ್ರು?"

ಅವರ ಮಾತಿನಲ್ಲೂ ನ್ಯಾಯವಿದೆ. ನಮ್ಮ ಧೈರ್ಯವೇ ಬೇರೆ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ ಮುಳುಗಿತು. ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಕೋಟಿಗಟ್ಟಲೆ ಬೆಲೆಯ ಮನೆಯವರು ರಬ್ಬರ್ ದೋಣಿಯಲ್ಲಿ ಹೊರಗೆ ಬಂದರು. ನಾವು ಹೆದರಲಿಲ್ಲ. ಒಂದೂವರೆ ವರ್ಷ ಆಗುವಷ್ಟರಲ್ಲಿ, 2024ರ ಮಾರ್ಚಿನಲ್ಲಿ, ಅದೇ ಊರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ದೋಣಿಯನ್ನೂ ಟ್ಯಾಂಕರನ್ನೂ ಒಂದೇ ಬಡಾವಣೆಗೆ ಕರೆಸಿದವರು ನಾವು. ಕೋಪನ್‌ಹೇಗನ್‌ಗೆ ಆ ಅನುಭವ ಎಲ್ಲಿಂದ ಬರಬೇಕು? ನಮ್ಮಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಬೀಳುತ್ತದೆ. ಅಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಕಡಿಮೆ ಮಳೆಯ ಊರಿನವರು ಜಾಸ್ತಿ ಮಳೆಯ ಊರಿನವರಿಗೆ ಮಳೆ ಬಗ್ಗೆ ಪಾಠ ಹೇಳಲಿಕ್ಕೆ ವಿಮಾನ ಹತ್ತಿ ಬರುತ್ತಾರೆ ಅಂದರೆ ಅದು ಅವರ ದೊಡ್ಡತನ.

ಮುಂದಿನ ಚಿತ್ರ ರಾಟರ್‌ಡ್ಯಾಮ್. ಅಲ್ಲಿ ಬೆಂಥೆಮ್‌ಪ್ಲೇನ್ ಅಂತ ಒಂದು ಚೌಕ. 2013ರಲ್ಲಿ ಅದನ್ನು ತಗ್ಗಿಸಿ ಕಟ್ಟಿದರು. ಬಿಸಿಲಿದ್ದಾಗ ಹುಡುಗರು ಅಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಜೋರು ಮಳೆ ಬಂದರೆ ಆಟದ ಅಂಗಳವೇ ಹೊಂಡವಾಗಿ ಸುಮಾರು 17 ಲಕ್ಷ ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸಭಿಕರೆಲ್ಲ ಮೊಬೈಲ್ ತೆಗೆದು ಫೋಟೊ ಹೊಡೆದುಕೊಳ್ಳುತ್ತಾರೆ.

ಇಲ್ಲಿ ನಮ್ಮವರು ಯಾರಾದರೂ ಎದ್ದು ನಿಂತು ಎದೆ ತಟ್ಟಿಕೊಂಡು ಹೇಳಬೇಕಿತ್ತು. ಆಟದ ಮೈದಾನವನ್ನು ಹೊಂಡ ಮಾಡುವುದೇನು ಮಹಾ? ನಾವು ಕೆರೆಯನ್ನೇ ಮೈದಾನ ಮಾಡಿದವರು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್. ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಮಳೆ ಬಂದರೆ ನೀರು ತನ್ನ ಹಳೇ ವಿಳಾಸ ಹುಡುಕಿಕೊಂಡು ತಾನಾಗಿಯೇ ಬರುತ್ತದೆ. ರಾಟರ್‌ಡ್ಯಾಮಿನವರು ಕೋಟಿಗಟ್ಟಲೆ ಸುರಿದು ಸಾಧಿಸಿದ್ದನ್ನು ನಾವು ಬರೀ ಮಣ್ಣು ಸುರಿದು ಸಾಧಿಸಿದ್ದೇವೆ. ವ್ಯತ್ಯಾಸ ಒಂದೇ. ಅಲ್ಲಿ ನೀರು ಎಲ್ಲಿ ನಿಲ್ಲಬೇಕು, ಎಷ್ಟು ಆಳ ನಿಲ್ಲಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಇಲ್ಲಿ 2023ರ ಮೇ ತಿಂಗಳ ಒಂದು ಮಧ್ಯಾಹ್ನದ ಮಳೆಗೆ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನಿಂತ ನೀರಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ಸತ್ತಳು. ವಿಧಾನಸೌಧದಿಂದ ನಡೆದು ಹೋಗುವಷ್ಟು ದೂರದಲ್ಲಿ. ಆ ಅಂಡರ್‌ಪಾಸ್ ಯಾರ ಪವರ್‌ಪಾಯಿಂಟ್‌ನಲ್ಲೂ ಬರುವುದಿಲ್ಲ.

ಬರದೇ ಇರುವ ಇನ್ನೊಂದು ಊರು ಚೀನಾದ ಝೆಂಗ್‌ಝೌ. ಮಳೆನೀರನ್ನು ನೆಲವೇ ಹೀರಿಕೊಳ್ಳುವ ಸ್ಪಂಜು ನಗರ ಅನ್ನುವ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಚೀನಾ. 2015ರಲ್ಲಿ 16 ನಗರಗಳನ್ನು ಆರಿಸಿ ಪ್ರಯೋಗಕ್ಕೆ ಇಳಿಯಿತು. ಝೆಂಗ್‌ಝೌ ಕೂಡ ಇಂಥ ಕಾಮಗಾರಿಗೆ ಭಾರೀ ಹಣ ಸುರಿಯಿತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಬಿತ್ತು. ಸುರಂಗ ರೈಲಿನೊಳಗೆ ಜನ ಕುತ್ತಿಗೆವರೆಗಿನ ನೀರಿನಲ್ಲಿ ನಿಂತಿದ್ದ ದೃಶ್ಯವನ್ನು ಜಗತ್ತೇ ನೋಡಿತು. ಹಸಿರು ಪಟ್ಟಿ, ಮಳೆತೋಟ, ನೀರು ಇಳಿಯುವ ಇಟ್ಟಿಗೆಯ ಫುಟ್‌ಪಾತ್ ಇವೆಲ್ಲ ದಿನನಿತ್ಯದ ಮಳೆಗೆ ಒಳ್ಳೆಯವು. ರಾಕ್ಷಸ ಮಳೆಗೆ ನೀರು ಹರಿದುಹೋಗಲಿಕ್ಕೆ ದಾರಿ ಬೇಕು, ನಿಲ್ಲಲಿಕ್ಕೆ ಜಾಗ ಬೇಕು. ದಾರಿ ಅಂದರೆ ರಾಜಕಾಲುವೆ, ಜಾಗ ಅಂದರೆ ಕೆರೆ. ಇಷ್ಟು ಹೇಳಿದರೆ ಸಾಕು, ಸಭೆಯಲ್ಲಿ ಎಲ್ಲರೂ ಗಡಿಯಾರ ನೋಡಿಕೊಳ್ಳುತ್ತಾರೆ. ಊಟದ ಹೊತ್ತಾಗಿರುತ್ತದೆ.

ಊಟ ಮುಗಿದ ಮೇಲೆ ಪ್ರಶ್ನೋತ್ತರ. ಧೈರ್ಯಸ್ಥ ಅಧಿಕಾರಿಯೊಬ್ಬರು ಮೈಕ್ ಹಿಡಿಯುತ್ತಾರೆ.

"ಸರ್, ನಿಮ್ಮ ಊರಿನಲ್ಲಿ ಕಾಲುವೆ ಮೇಲೆ ಮನೆ ಕಟ್ಟಿದ್ರೆ ಏನು ಮಾಡ್ತೀರಿ?"

ಪ್ರೊಫೆಸರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. "ಕಾಲುವೆ ಮೇಲೆ ಯಾಕೆ ಮನೆ ಕಟ್ಟುತ್ತಾರೆ?" ಅನ್ನುತ್ತಾರೆ.

"ಖಾತಾ ಸಿಗುತ್ತೆ, ಅದಕ್ಕೆ."

ಸಭೆಯಲ್ಲಿ ನಗು. ಪ್ರೊಫೆಸರೂ ನಗುತ್ತಾರೆ, ಮರ್ಯಾದೆಗೆ. ಇಡೀ ದಿನದ ಸಭೆಯಲ್ಲಿ ಬೆಂಗಳೂರಿನ ಪ್ರವಾಹದ ಬಗ್ಗೆ ಬಂದ ಒಂದೇ ಒಂದು ವೈಜ್ಞಾನಿಕ ವಿವರಣೆ ಅದು. ವರದಿಯಲ್ಲಿ ಅದು ಬರುವುದಿಲ್ಲ.

ವರದಿ ಅಂದೆ. ನಮ್ಮಲ್ಲಿ ಜ್ಞಾನದ ಕೊರತೆ ಇದೆ ಅಂತ ವಿದೇಶದವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಲಕ್ಷ್ಮಣ ರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನು ಉಳಿಸುವುದು ಹೇಗೆ ಅಂತ 1980ರ ದಶಕದಲ್ಲೇ ಬರೆದುಕೊಟ್ಟಿದೆ. ಎ.ಟಿ. ರಾಮಸ್ವಾಮಿ ಸಮಿತಿ 2007ರಲ್ಲಿ ಸರ್ಕಾರಿ ಜಮೀನು ಯಾರ್‍ಯಾರು ನುಂಗಿದರು ಅಂತ ಹೇಳಿತು. ಆಮೇಲೆ ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ. ಆಮೇಲೆ 2017ರಲ್ಲಿ ಕೋಳಿವಾಡ ಸಮಿತಿ, ಕೆರೆ ಒತ್ತುವರಿಯ ಬಗ್ಗೆಯೇ. ಇದರ ಮೇಲೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಉಪಗ್ರಹ ಚಿತ್ರ ಇಟ್ಟುಕೊಂಡು ಇಲ್ಲಿ ಕೆರೆ ಇತ್ತು, ಇಲ್ಲಿ ಹಸಿರಿತ್ತು ಅಂತ ಲೆಕ್ಕ ಕೊಡುತ್ತಲೇ ಇದ್ದಾರೆ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಹೋಗಿದೆ ಅನ್ನುವುದು ಕಡತದಲ್ಲಿದೆ. ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಇಷ್ಟೆಲ್ಲ ಗೊತ್ತಿರುವ ಊರಿಗೆ ಒಂದು ತೊಂದರೆ ಇದೆ. ಗೊತ್ತಿದ್ದ ಮೇಲೆ ಏನಾದರೂ ಮಾಡಬೇಕಾಗುತ್ತದೆ.

ಆ ಕಷ್ಟದಿಂದ ಪಾರಾಗಲಿಕ್ಕೆ ಅಂತಾರಾಷ್ಟ್ರೀಯ ಸಹಯೋಗದಷ್ಟು ಗೌರವದ ದಾರಿ ಇನ್ನೊಂದಿಲ್ಲ. ಜೆಸಿಬಿ ಕಳಿಸಿದರೆ ಶಾಸಕರ ಫೋನ್ ಬರುತ್ತದೆ. ಅಧ್ಯಯನಕ್ಕೆ ಆದೇಶಿಸಿದರೆ ಶಾಸಕರೇ ಉದ್ಘಾಟನೆಗೆ ಬರುತ್ತಾರೆ. 2022ರ ಪ್ರವಾಹ ಇಳಿದ ಮೇಲೆ ಜೆಸಿಬಿಗಳು ಮಹದೇವಪುರದ ಕಡೆ ಹೊರಟಿದ್ದವು. ಹಿಂದೆಯೇ ಟಿವಿಯವರ ವ್ಯಾನು. ಒಂದಷ್ಟು ಕಾಂಪೌಂಡು, ಒಂದಷ್ಟು ಶೆಡ್ಡು ಬಿದ್ದವು. ಆಮೇಲೆ ಸರ್ವೆ, ಮರುಸರ್ವೆ, ತಡೆಯಾಜ್ಞೆ. ಮಳೆಗಾಲ ಮುಗಿಯಿತು, ಟಿವಿಗೆ ಬೇರೆ ಸುದ್ದಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಸಾಯಿ ಲೇಔಟ್‌ನ ಜನ ಮತ್ತೆ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ಅವರ ಪಾಲಿಗೆ ಯಾವ ಒಡಂಬಡಿಕೆಯೂ ತೂಬು ತೆರೆಯಲಿಲ್ಲ.

ನಿಜ ಹೇಳಬೇಕೆಂದರೆ ಬೆಂಗಳೂರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಸ್ಪಂಜು ಈ ಒಡಂಬಡಿಕೆಗಳೇ. ಎಷ್ಟು ಅನುದಾನ ಸುರಿದರೂ ಹೀರಿಕೊಳ್ಳುತ್ತವೆ. ಹನಿಯೂ ಆಚೆಗೆ ಬೀಳುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ ಹಿರಿಯರು ಹೇಳುತ್ತಿದ್ದರು. ಈಗ ಜಾತ್ರೆಗೆ ಬ್ಯಾಡ್ಜು, ಬಟ್ಟೆಯ ಚೀಲ ಮತ್ತು ಮರುಬಳಕೆ ಕಾಗದದ ನೋಟ್‌ಬುಕ್ಕು ಕೊಡುತ್ತಾರೆ.

ಎರಡನೇ ದಿನ ಕ್ಷೇತ್ರ ಭೇಟಿ. ಬಹುತೇಕ ಜಕ್ಕೂರು ಕೆರೆ. ಯಾಕೆಂದರೆ ಅಲ್ಲಿ ತೋರಿಸಲಿಕ್ಕೆ ಏನಾದರೂ ಇದೆ. ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊರಬಂದು, ಜೊಂಡು ಬೆಳೆದ ಜೌಗಿನ ಮೂಲಕ ಹಾದು, ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಸುತ್ತಲಿನ ಬಾವಿಗಳಿಗೂ ನೀರು ಇಳಿಯುತ್ತದೆ. ಸ್ಥಳೀಯರು ಹಿಂದೆ ಬಿದ್ದು ಕಾದುಕೊಂಡಿರುವ ಕೆರೆ ಅದು. ಪಾಪ, ಜಕ್ಕೂರಿನ ಹಕ್ಕಿಗಳಿಗೂ ಈಗ ಗ್ರೂಪ್ ಫೋಟೊ ಅಭ್ಯಾಸವಾಗಿರಬೇಕು. ಬೆಳ್ಳಂದೂರಿಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ನೀರಿಗೇ ಬೆಂಕಿ ಹತ್ತಿಕೊಂಡ ಕೆರೆಯನ್ನು ಪ್ರಪಂಚದ ಯಾವ ವಿಶ್ವವಿದ್ಯಾಲಯವೂ ನೋಡಿರಲಾರದು. ನಿಜವಾದ ಸಂಶೋಧನೆಗೆ ಅದೇ ಸರಿಯಾದ ಜಾಗ, ಏನಂತೀರಿ?

ಬಸ್ಸು ವಾಪಸ್ ಬರುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಮೆಜೆಸ್ಟಿಕ್ ಹತ್ತಿರ ವಿದೇಶಿ ವಿದ್ಯಾರ್ಥಿನಿಯೊಬ್ಬಳು ನಕ್ಷೆ ಹಿಡಿದುಕೊಂಡು ಕೇಳುತ್ತಾಳೆ. "ಸರ್, ಇಲ್ಲಿ ಧರ್ಮಾಂಬುಧಿ ಅಂತ ಒಂದು ಕೆರೆ ಇದೆಯಲ್ಲ, ಎಲ್ಲಿ?"

"ಮೇಡಂ, ನಾವೀಗ ಅದರ ಮಧ್ಯದಲ್ಲೇ ಇದ್ದೀವಿ. ಬಿಎಂಟಿಸಿ ಬಸ್ಸು ಕಾಣ್ತಾ ಇದೆಯಲ್ಲ, ಅಲ್ಲಿ ಆಳ ಜಾಸ್ತಿ ಇತ್ತು."

ಅವಳು ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಾಳೆ. ಮುಂದೆ ಒಂದು ಪ್ರಬಂಧವಾಗುತ್ತದೆ. ಅದರಲ್ಲಿ ಲೇಖಕರು ಎಂಟು ಜನ, ನಮ್ಮವರು ಐದು ಮತ್ತು ಆರನೆಯವರು. ಕೆರೆ ಬೆಂಗಳೂರಿನದು, ಕೊಳಚೆ ಬೆಂಗಳೂರಿನದು, ಬಿಸಿಲಲ್ಲಿ ನಿಂತು ನೀರಿನ ಮಾದರಿ ತುಂಬಿದ ಹುಡುಗರು ಬೆಂಗಳೂರಿನವರು. ಪ್ರಬಂಧ ಓದಬೇಕೆಂದರೆ ಮಾತ್ರ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಕಟ್ಟಿ ಓದಿದರೆ ಕೊನೆಯ ಸಾಲು ಹೀಗಿರುತ್ತದೆ: ಇನ್ನೂ ಹೆಚ್ಚಿನ ಸಂಶೋಧನೆಯ ಅಗತ್ಯವಿದೆ.

ಆದರೂ ಏನೂ ಕಟ್ಟುವುದಿಲ್ಲ ಅನ್ನುವ ಹಾಗಿಲ್ಲ. ಪ್ರಾಯೋಗಿಕವಾಗಿ ಒಂದು ಮಳೆತೋಟ ಮಾಡುತ್ತಾರೆ. ಫುಟ್‌ಪಾತ್ ಪಕ್ಕ, ಎರಡು ಮಂಚ ಹಾಕುವಷ್ಟು ಜಾಗ. ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಮಣ್ಣು, ಗಿಡ. ರಸ್ತೆಯ ಮಳೆನೀರು ಬಂದು ಇಂಗಬೇಕು. ಪಕ್ಕದಲ್ಲಿ ನಿಲ್ಲಿಸಿದ ಫಲಕ ಮಳೆತೋಟಕ್ಕಿಂತ ದೊಡ್ಡದು. ಅದರಲ್ಲಿ ಸಂಸ್ಥೆಗಳ ಲಾಂಛನಗಳ ಸಾಲು. ಮೊದಲ ಮಳೆಗೆ ನೀರು ಬರುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ, ಯಾಕೆಂದರೆ ರಸ್ತೆಗೆ ಹೋದ ವಾರ ಇನ್ನೊಂದು ಪದರ ಡಾಂಬರು ಬಿದ್ದು ಮಟ್ಟವೇ ಬದಲಾಗಿದೆ. ಅದು ಬೇರೆ ವಿಭಾಗದ ಟೆಂಡರು. ಎರಡನೇ ತಿಂಗಳು ಕೇಬಲ್‌ನವರು ಅಗೆಯುತ್ತಾರೆ. ಅದು ಇನ್ನೊಂದು ಅನುಮತಿ. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಎಳನೀರಿನ ಬುರುಡೆ, ಟೀ ಕಪ್ಪು ಮತ್ತು ಫಲಕ ಉಳಿದಿರುತ್ತವೆ. ಯಾರನ್ನು ಕೇಳುತ್ತೀರಿ? ರಸ್ತೆ ಒಬ್ಬರದು, ಚರಂಡಿ ಒಬ್ಬರದು, ಒಳಚರಂಡಿ ಜಲಮಂಡಳಿಯದು, ಮರ ಅರಣ್ಯ ವಿಭಾಗದ್ದು. ಒಡಂಬಡಿಕೆಗೆ ಸಹಿ ಹಾಕಿದ್ದ ಬಿಬಿಎಂಪಿಯನ್ನೇ ಕೇಳೋಣ ಅಂದರೆ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯೇ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ. ಒಂದು ಮಳೆತೋಟಕ್ಕೆ ಈಗ ಐದು ಕಮಿಷನರ್ ಆಫೀಸಿನಲ್ಲಿ ವಿಚಾರಿಸಬಹುದು. ವಿಕೇಂದ್ರೀಕರಣ ಅಂದರೆ ಸುಮ್ನೆ ಅಲ್ಲ.

ಮನೆ ಮಟ್ಟದಲ್ಲೂ ನಾವೇನು ಕಡಿಮೆ ಇಲ್ಲ. ಮಳೆಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ತಿದ್ದುಪಡಿ ಆಗಿದೆ. ಹೇಗೆ ಮಾಡಬೇಕು ಅಂತ ತೋರಿಸಲಿಕ್ಕೆ ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಒಂದು ಉದ್ಯಾನವೇ ಇದೆ. ಮಾಡದವರಿಗೆ ನೀರಿನ ಬಿಲ್ಲಿನಲ್ಲೇ ದಂಡ. ಬುದ್ಧಿವಂತ ನಾಗರಿಕ ಲೆಕ್ಕ ಹಾಕಿ ನೋಡಿದ. ಪೈಪು, ಫಿಲ್ಟರು, ಪ್ಲಂಬರ್ ಖರ್ಚಿಗಿಂತ ತಿಂಗಳ ದಂಡವೇ ಹಗುರ. ದಂಡ ಕಟ್ಟುತ್ತಾ ಬಂದ. ಜಲಮಂಡಳಿಗೆ ಕೋಟಿಗಟ್ಟಲೆ ಆದಾಯ ಬಂತು. ಮಳೆಯನ್ನು ಹಿಡಿಯದೇ ಇದ್ದರೂ ಅದರಿಂದ ದುಡ್ಡು ಮಾಡುವ ವಿಧಾನ ಇದು. ಇದರ ಬಗ್ಗೆ ವಿದೇಶದವರು ನಮ್ಮಿಂದ ಕಲಿಯಬಹುದು. ಇತ್ತ 970 ಮಿಲಿಮೀಟರ್ ಮಳೆ ಬಿಟ್ಟಿಯಾಗಿ ತಲೆ ಮೇಲೆ ಬಿದ್ದು ಮೋರಿ ಸೇರುತ್ತದೆ. ಅತ್ತ ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ, ಕರೆಂಟು ಸುಟ್ಟು ಕಾವೇರಿಯನ್ನು ಎತ್ತುತ್ತೇವೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್. ಜಪಾನಿನ ಸಾಲದಿಂದ.

ಹಿಂದೆ ಇಲ್ಲಿ ಒಂದು ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬು ಎತ್ತಲಿಕ್ಕೆ, ಯಾರ ಗದ್ದೆಗೆ ಎಷ್ಟು ಅಂತ ಬಿಡಲಿಕ್ಕೆ ನೀರುಗಂಟಿ ಇದ್ದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗೋಡು ಮಣ್ಣು ಹೊಡೆದುಕೊಂಡು ಹೋಗುತ್ತಿದ್ದರು. ಮುಂದಿನ ಮಳೆಗೆ ಜಾಗ ಆಗುತ್ತಿತ್ತು. ಈಗ ಕೆರೆಗಳು ಬೇಸಿಗೆಯಲ್ಲೂ ತುಂಬಿರುತ್ತವೆ, ನಮ್ಮೆಲ್ಲರ ಬಚ್ಚಲು ನೀರಿನಿಂದ. ಮಳೆ ಬಂದಾಗ ಒಳಗೆ ಜಾಗವೇ ಇರುವುದಿಲ್ಲ. ಹಿಂದಿನದೆಲ್ಲ ಸ್ವರ್ಗ ಅಂತ ಹೇಳುತ್ತಿಲ್ಲ. ನೀರುಗಂಟಿಯ ಕಾಲದಲ್ಲಿ ಯಾರ ಹೊಲಕ್ಕೆ ಮೊದಲು ನೀರು ಅನ್ನುವುದಕ್ಕೆ ಜಾತಿಯ ಲೆಕ್ಕವೂ ಇತ್ತು. ಆದರೆ ಅವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ತೂಬು ಮುಚ್ಚಿಕೊಂಡರೆ ಜನ ಅವನ ಮನೆ ಬಾಗಿಲಿಗೇ ಬರುತ್ತಿದ್ದರು.

ಇಂಥ ಸಭೆಗಳಲ್ಲಿ ಒಬ್ಬರನ್ನು ಮಾತ್ರ ತಪ್ಪದೆ ಕರೆಯುತ್ತಾರೆ, ಕೊನೆಯ ಗೋಷ್ಠಿಗೆ. ಮಣ್ಣುವಡ್ಡರ ಕಡೆಯ ಒಬ್ಬ ಹಿರಿಯರು. ತಲೆತಲಾಂತರದಿಂದ ಬಾವಿ ತೋಡುವವರು. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದು, ಹೊಸ ಇಂಗುಬಾವಿ ತೋಡಿಕೊಟ್ಟವರು ಈ ಸಮುದಾಯದವರೇ. ಮೂರು ಅಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳ, ಸಿಮೆಂಟ್ ರಿಂಗು ಇಳಿಸಿದರೆ ಮುಗಿಯಿತು, ಚಾವಣಿಯ ಮಳೆನೀರು ನೆಲಕ್ಕೆ. ಹಿರಿಯರು ಬಿಳಿ ಅಂಗಿ ಹಾಕಿಕೊಂಡು ಬೆಳಿಗ್ಗೆಯೇ ಬಂದು ಕೂತಿರುತ್ತಾರೆ. ಅವರ ಸರದಿ ಬರುವಾಗ ಅರ್ಧ ಸಭೆ ಖಾಲಿ. ಐದು ನಿಮಿಷದಲ್ಲಿ ಹೇಳಿ ಅನ್ನುತ್ತಾರೆ. ಅವರು ಎರಡೇ ನಿಮಿಷದಲ್ಲಿ ಮುಗಿಸುತ್ತಾರೆ.

ಆಮೇಲೆ ಸಂಯೋಜಕರ ಹತ್ತಿರ ಬಂದು ಕೇಳುತ್ತಾರೆ.

"ಸಾರ್, ಬಾವಿ ಎಲ್ಲಿ ತೋಡ್ಬೇಕು? ಹುಡುಗ್ರು ರೆಡಿ ಇದಾರೆ, ಮಳೆಗೆ ಮುಂಚೆ ಮುಗಿಸಿಕೊಡ್ತೀವಿ."

"ಇಲ್ಲ ಯಜಮಾನ್ರೇ, ಈ ಹಂತದಲ್ಲಿ ತೋಡೋದು ಇಲ್ಲ. ಈಗ ಬರೀ ಸಾಮರ್ಥ್ಯ ವೃದ್ಧಿ."

"ಹಂಗಂದ್ರೆ?"

"ನಿಮಗೆ ತರಬೇತಿ ಕೊಡ್ತೀವಿ."

"ಏನು ತರಬೇತಿ ಸಾರ್?"

"ನೀರು ಇಂಗಿಸೋದು ಹೇಗೆ ಅಂತ. ಮುಂದಿನ ತಿಂಗಳು, ಮೂರು ದಿನ, ಊಟ ತಿಂಡಿ ನಮ್ಮದೇ. ಆಧಾರ್, ಪ್ಯಾನ್, ಎರಡು ಫೋಟೊ ತನ್ನಿ. ಜಿಎಸ್‌ಟಿ ನಂಬರ್ ಇದ್ರೆ ಅದೂ ಬೇಕು. ಈಗ ಇಲ್ಲಿ ಒಂದು ಸಹಿ ಹಾಕಿ."